ಹರದೇಶಿ ಕಡೆಯವರು, ನಾಗೇಶಿ ಕಡೆಯವರು

೧೯೫೬ನೆಯ ಇಸವಿ ಎಂದರೆ ನಮಗೆ ಏಕೀಕರಣದ ವರ್ಷ. ಆ ನವೆಂಬರ್ ಒಂದರಂದು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಗುಲಬರ್ಗಾ ಜಿಲ್ಲೆಯೊಡನೆ ಹೈದರಾಬಾದು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಅದಕ್ಕೆ ಐದು ತಿಂಗಳು ಮೊದಲು, ಮೇ ೨೪ರ ರಾತ್ರಿ, ಸ್ವಿಟ್ಜರ್ಲೆಂಡಿನ ಲುಗಾನೊ ಎಂಬ ಪಟ್ಟಣದ ನಾಟಕಗೃಹದಲ್ಲಿ ಏಳು ದೇಶಗಳ ಗಾಯಕರು ನೆರೆದು ಹದಿನಾಲ್ಕು ಹಾಡುಗಳನ್ನು ಹಾಡಿದರು. ಇಂದಿಗೂ ವರ್ಷ ವರ್ಷ ನಡೆದು ಬಂದಿರುವ ‘ಯೂರೋವಿಷನ್’ ಎಂಬ ಹಾಡಿನ ಪಂದ್ಯಕ್ಕೆ ಅಂದೇ ನಾಂದಿ. ದೇಶಕ್ಕೆ ಇಬ್ಬರಂತೆ ತೀರ್ಪುಗಾರರು, ಮತವೆಲ್ಲ ಗುಪ್ತ, ತಮ್ಮ ದೇಶದ ಹಾಡಿಗೆ ತಾವೇ ಮತ ಕೊಡುವುದಕ್ಕೂ ಅಡ್ಡಿಯಿರಲಿಲ್ಲ. ಲಕ್ಸೆಂಬರ್ಗಿನ ತೀರ್ಪುಗಾರರು ಬಾರದೆ ಹೋದುದರಿಂದ ಅವರ ಪಾಲಿನ ಮತವನ್ನು ಸ್ವಿಟ್ಜರ್ಲೆಂಡಿನವರೇ ಹಾಕಿದರು. ಗೆದ್ದದ್ದು ಸ್ವಿಟ್ಜರ್ಲೆಂಡು! ಹಾಡಿದಾಕೆ ಲಿಸ್ ಆಸಿಯಾ. ಯಾರಿಗೆ ಎಷ್ಟೆಷ್ಟು ಅಂಕ ಬಿದ್ದಿತೆಂಬುದನ್ನು ಆಗ ಹೇಳಲಿಲ್ಲ, ಆಮೇಲೂ ಪ್ರಕಟಿಸಲಿಲ್ಲ. ಮರುವರ್ಷದಿಂದ ಯಾವ ದೇಶವೂ ತನ್ನ ಹಾಡಿಗೆ ತಾನು ಮತ ಕೊಡಕೂಡದೆಂದು ನಿಯಮವಾಯಿತು.

ಭೀಮೆಯ ದಂಡೆಯ ಓದುಗರಿಗೆ ಈ ಲುಗಾನೊದ ಗೋಜು ಏಕೆ ಎಂದು ಯಾರಾದರೂ ಕೇಳಬಹುದು. ಹಾಡಿನ ಜಗಳ ನಮಗೇನೂ ಹೊಸದಲ್ಲ. ಎರಡು ಪಕ್ಷ, ಒಂದು ರಾತ್ರಿ, ಸುತ್ತಲೂ ಪಕ್ಷ ಹಿಡಿದ ಜನ. ಇದು ನಮ್ಮ ಮೂರು ತಾಲೂಕುಗಳ ಜಾತ್ರೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದದ್ದು. ಅದಕ್ಕೆ ಹರದೇಶಿ–ನಾಗೇಶಿ ಹಾಡಕಿ ಎನ್ನುತ್ತಾರೆ. ನಾನು ಬಾಲ್ಯದಿಂದ ಇದರ ಹುಚ್ಚು ಹತ್ತಿಸಿಕೊಂಡವನು; ವಯಸ್ಸಾದ ಮೇಲೆ ಆ ಯೂರೋಪಿನ ಪಂದ್ಯದ ಹುಚ್ಚನ್ನೂ ಅಂಟಿಸಿಕೊಂಡೆ. ಎರಡೂ ಹುಚ್ಚುಗಳನ್ನು ಬಲ್ಲವನಾದುದರಿಂದ ಇವುಗಳ ಚರಿತ್ರೆಯನ್ನು ಜೊತೆಯಲ್ಲಿಟ್ಟು ನೋಡಬೇಕೆನ್ನಿಸಿತು. ನೋಡುವಾಗ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಹಾಡಿನ ಜಗಳದಲ್ಲಿ ತೀರ್ಪು ಕೊಡತಕ್ಕವರು ಯಾರು?

ಈ ಹಾಡಕಿಯ ಮೂಲದ ಕತೆ ದೂರದ್ದು. ತುಕನಗೀರ ಎಂಬೊಬ್ಬ ಗೋಸಾವಿ, ಶಹಾ ಅಲಿ ಎಂಬೊಬ್ಬ ಫಕೀರ, ಇಬ್ಬರೂ ಹಾಡಿನಲ್ಲಿ ವಾದಿಸುತ್ತ ಚಂದೇರಿಯ ಅರಸನ ಸಭೆಗೆ ಹೋದರಂತೆ. ಶಿವನೇ ಹೆಚ್ಚೆಂದು ಗೋಸಾವಿ, ಶಕ್ತಿಯೇ ಹೆಚ್ಚೆಂದು ಫಕೀರ. ಅರಸನು ಯಾರನ್ನೂ ಗೆಲ್ಲಿಸಲಿಲ್ಲ. ತನ್ನ ಮುಂಡಾಸದ ತುರಾಯಿಯನ್ನು ಒಬ್ಬನಿಗೂ ಕಲ್ಗಿಯನ್ನು ಇನ್ನೊಬ್ಬನಿಗೂ ಕೊಟ್ಟು ಕಳಿಸಿದನಂತೆ. ಚಿತ್ತೋಡದ ಕಡೆಗೆ ತುರ್ರಾ–ಕಲಂಗಿ ಎಂಬ ಆಟ ಇದೇ ಕತೆಯನ್ನು ಹೇಳಿಕೊಳ್ಳುತ್ತದೆ. ಮಹಾರಾಷ್ಟ್ರದ ಶಾಹೀರರಲ್ಲಿ ಕಲ್ಗಿ–ತುರಾ ಪಕ್ಷಗಳಿವೆ. ನಮ್ಮಲ್ಲಿ ತುರಾಯಿ ಪಕ್ಷವೇ ಹರದೇಶಿ, ಕಲ್ಗಿ ಪಕ್ಷವೇ ನಾಗೇಶಿ. ಹರದೇಶಿಯವರು ಗಂಡು ಹೆಚ್ಚೆಂದು ಹಾಡಬೇಕು. ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡಬೇಕು. ಕತೆ ನಿಜವೋ ಸುಳ್ಳೋ, ಗೋಸಾವಿಯೂ ಫಕೀರನೂ ಕೂಡಿ ಶಿವಶಕ್ತಿಯರ ಬಗ್ಗೆ ಜಗಳಾಡಿದರೆಂದು ಮೂರು ಭಾಷೆಯ ಜನ ನಂಬಿ ಬಂದದ್ದಂತೂ ನಿಜ. ಭೀಮೆಯಾಚೆ ಇಂಡಿ ಸೀಮೆಯಲ್ಲಿ ಹೆಸರಾಂತ ಲಾವಣಿಕಾರನು ಹಲಸಂಗಿಯ ಖಾಜಾಭಾಯಿ. ಅದೇ ಊರಿನ ಪಿ. ಧೂಲಾಸಾಹೇಬರು ೧೯೩೩ರಲ್ಲಿ ‘ಜೀವನ ಸಂಗೀತ’ವೆಂದು ಲಾವಣಿಗಳ ಸಂಗ್ರಹ ತಂದರು. ಹೊಳೆಯ ಈಚೆ ದಂಡೆಯ ನಮಗೆ ಅಂಥ ಭಾಗ್ಯ ಒದಗಿದ್ದು ಕಡಿಮೆ.

‘ಅಭಿಮಾನಿ’ ಎಂಬ ಮಾತು ನಮ್ಮ ಹಳ್ಳಿಗಳಿಗೆ ಸಿನಿಮಾದೊಂದಿಗೆ ಬಂದದ್ದು. ಮೊದಲು ಇದ್ದ ಮಾತು ‘ಕಡೆಯವರು’. “ನೀವು ಯಾರ ಕಡೆಯವರ್ರೀ?” ಎಂದು ಜಾತ್ರೆಯಲ್ಲಿ ಕೇಳಿದರೆ ಊರು ಕೇಳಿದ್ದಲ್ಲ, ಜಾತಿ ಕೇಳಿದ್ದೂ ಅಲ್ಲ. ಹೊಲ ಮನೆಗಳಂತೆ ಇದೂ ತಂದೆಯಿಂದ ಮಗನಿಗೆ ಬರುತ್ತಿತ್ತು. ಅಫಜಲಪುರ ತಾಲೂಕಿನ ನಮ್ಮ ಮನೆ ಮೂರು ತಲೆಯಿಂದ ಹರದೇಶಿ. ಆಳಂದ ಕಡೆಯಿಂದ ಬಂದ ನಮ್ಮ ಅವ್ವ ತವರಿನಿಂದ ನಾಗೇಶಿಯನ್ನು ತಂದಿದ್ದಳು. ಮುತ್ಯಾನ ಮುಂದೆ ಅವಳು ಬಾಯಿ ತೆರೆದವಳಲ್ಲ. ಆದರೆ ರೊಟ್ಟಿ ಬಡಿಯುವಾಗ ನಾಗೇಶಿಯ ಧಾಟಿ ಗುಣುಗುಣಿಸುವುದನ್ನು ಯಾರು ತಡೆದಾರು? ಅಕ್ಕನೂ ನಾನೂ ಆ ಒಲೆಯ ಮುಂದೆಯೇ ಪಕ್ಷಾಂತರ ಮಾಡಿದೆವು. ಮುತ್ಯಾನಿಗೆ ತಿಳಿದ ದಿನ, “ಯಾಕೋ ತಮ್ಮಾ, ಮೀಸಿ ಬರೂದ್ರಾಗ ಕಲ್ಗಿ ಕಟಗೊಂಡಿ?” ಎಂದು ನಕ್ಕನೇ ಹೊರತು ಬೈಯಲಿಲ್ಲ. ಎದುರು ಪಕ್ಷವಿಲ್ಲದ ಮನೆಯಲ್ಲಿ ಹರದೇಶಿಯಾಗಿ ಇರುವುದರಲ್ಲಿ ಏನು ರುಚಿ ಎಂದು ಅವನಿಗೂ ಅನ್ನಿಸಿರಬೇಕು.

ಮುತ್ಯಾನ ಹರೆಯದಲ್ಲಿ ಈ ಹಾಡಕಿ ನಿಜವಾಗಿಯೂ ಹಲವು ರಾಜ್ಯಗಳ ಪಂದ್ಯವಾಗಿತ್ತು. ನಮ್ಮ ಮೂರು ತಾಲೂಕು ನಿಜಾಮನ ಸೀಮೆ. ಭೀಮೆಯಾಚೆಯ ಇಂಡಿ, ಸಿಂದಗಿಗಳು ಇಂಗ್ರೇಜರ ಮುಂಬಯಿ ಇಲಾಖೆ. ಆಳಂದದ ಪಶ್ಚಿಮಕ್ಕೆ ಅಕ್ಕಲಕೋಟೆ, ಅದು ಮತ್ತೊಂದು ಸಂಸ್ಥಾನ. ಮೇಳದವರು ಡಪ್ಪು ಹೆಗಲಿಗೆ ಹಾಕಿಕೊಂಡು ಈ ಗಡಿಗಳನ್ನು ದಾಟುವಾಗ ಕರೋಡಗಿರಿ ನಾಕಾದಲ್ಲಿ ಗಂಟು ಬಿಚ್ಚಿ ತೋರಿಸಬೇಕು. ಆಚೆಯ ಜಾತ್ರೆಯಲ್ಲಿ ಸಿಕ್ಕದ್ದು ಇಂಗ್ರೇಜರ ಕಲದಾರ ರೂಪಾಯಿ, ಈಚೆ ನಡೆಯುವುದು ನಿಜಾಮನ ಹಾಲಿ ಸಿಕ್ಕಾ; ಆರು ಕಲದಾರಕ್ಕೆ ಏಳು ಹಾಲಿ. ಆದುದರಿಂದ ನಮ್ಮ ಕಡೆಯ ಮೇಳಗಳಿಗೆ ಆಚೆ ಹೋಗಿ ಹಾಡುವುದೆಂದರೆ ಬಲು ಉಮೇದು. ಈಚೆಯ ಮೇಳ ಆಚೆ ಗೆದ್ದು ಬಂದರೆ ಅದು ಊರಿನ ಗೆಲುವಾಗುತ್ತಿತ್ತು. ಆದರೂ ಪಕ್ಷ ಗಡಿಯನ್ನು ಮೀರಿದ್ದು. ಅಕ್ಕಲಕೋಟೆಯ ಹರದೇಶಿ ನಮ್ಮೂರ ನಾಗೇಶಿಯನ್ನು ಸೋಲಿಸಿದರೆ ನಮ್ಮ ಮುತ್ಯಾನಿಗೆ ಸಂತೋಷವೇ! ಯೂರೋಪಿನ ಪಂದ್ಯಕ್ಕೂ ನಮ್ಮದಕ್ಕೂ ಇರುವ ಮೊದಲ ಭೇದ ಇದು. ಅಲ್ಲಿ ದೇಶವೇ ಪಕ್ಷ. ಇಲ್ಲಿ ಒಂದು ವಿಚಾರವೇ ಪಕ್ಷ, ಅದು ಯಾವ ನಾಕಾದಲ್ಲಿಯೂ ಸುಂಕ ಕಟ್ಟಬೇಕಾಗಿರಲಿಲ್ಲ.

ಹಾಡಕಿಯನ್ನು ಕಾಣದವರಿಗಾಗಿ ಅದರ ರೀತಿಯನ್ನಿಷ್ಟು ಹೇಳಬೇಕು. ಜಾತ್ರೆಯ ಪಂಚರು ಇಸಾರ ಕೊಟ್ಟು ಎರಡು ಮೇಳಗಳನ್ನು ಕರೆಸುತ್ತಾರೆ. ಗುಡಿಯ ಮುಂದೆ ಇಲ್ಲವೆ ಅಗಸಿಯ ಬಯಲಲ್ಲಿ ಎದುರುಬದುರಾಗಿ ಎರಡು ಕಟ್ಟೆ. ಮೇಳಕ್ಕೆ ಮುಂದಾಳು ಒಬ್ಬ, ಹಿಂದೆ ಸೂರು ಹಿಡಿಯುವವರು ಇಬ್ಬರು ಮೂವರು. ಡಪ್ಪು, ತುಂತುಣಿ, ತಾಳ. ನಾಗೇಶಿ ಮೇಳದ ಮುಂದಾಳು ಬಹುಮಟ್ಟಿಗೆ ಹೆಂಗಸು. ಊಟ ಮುಗಿದು, ಪಲ್ಲಕ್ಕಿ ಗುಡಿಯೊಳಗೆ ಹೋಗಿ, ಹುಡುಗರು ನಿದ್ದೆಗೆ ತೂಗುವ ಹೊತ್ತಿಗೆ ಗಣಪತಿಯ ಸ್ತುತಿಯಿಂದ ಮೊದಲಾಗುತ್ತದೆ. ಒಂದು ಮೇಳ ಹಾಡಿ ಸವಾಲು ಹಾಕಿ ಕೂರುತ್ತದೆ. ಇನ್ನೊಂದು ಎದ್ದು ಜವಾಬು ಕೊಟ್ಟು, ತನ್ನ ಸವಾಲು ಹಾಕಿ ಕೂರುತ್ತದೆ. ನಡುವೆ ಹಾಡು ನಿಲ್ಲಿಸಿ ಮಾತಿನಲ್ಲಿ ಚುಚ್ಚುವುದು, ಅಣಕಿಸುವುದು, ಕೇಳುವವರನ್ನು ಸಾಕ್ಷಿಗೆ ಕರೆಯುವುದು ಎಲ್ಲವೂ ಉಂಟು. ಅಶ್ಲೀಲವೂ ಉಂಟು, ಅದನ್ನು ಮುಚ್ಚಿಟ್ಟು ಬರೆಯುವುದು ನನಗೆ ಸರಿದೋರುವುದಿಲ್ಲ. ಬೆಳ್ಳಿ ಮೂಡುವ ತನಕ ಹೀಗೆಯೇ ಸಾಗಿ, ಕಡೆಗೆ ಇಬ್ಬರೂ ಕೂಡಿ ಶಿವಶಕ್ತಿಯರು ಒಂದೇ ಎಂದು ಮಂಗಳ ಹಾಡುತ್ತಾರೆ.

ಸವಾಲುಗಳ ಸೊಗಸು ಪುರಾಣವನ್ನು ತಿರುಗಿಸಿ ಹಿಡಿಯುವುದರಲ್ಲಿದೆ. ಮಹಿಷಾಸುರನನ್ನು ಕೊಂದವಳು ದೇವಿಯಲ್ಲವೆ, ಗಂಡುದೇವರೆಲ್ಲ ಎಲ್ಲಿ ಅಡಗಿದ್ದರು ಎಂದು ನಾಗೇಶಿ ಕೇಳಿದರೆ, ಅವಳ ಕೈಯಲ್ಲಿನ ತ್ರಿಶೂಲ ಯಾರದು, ಚಕ್ರ ಯಾರದು, ಎಲ್ಲ ಗಂಡಸರ ಕಡವಲ್ಲವೆ ಎಂದು ಹರದೇಶಿ. ಮನೆಯಲ್ಲಿ ಆಯುಧವಿದ್ದೂ ಹಿಡಿಯಲು ಬಾರದವನನ್ನು ಏನೆನ್ನಬೇಕು ಎಂದು ಮತ್ತೆ ನಾಗೇಶಿ! ಭಸ್ಮಾಸುರನ ಕೈಯಿಂದ ಶಿವನನ್ನು ಉಳಿಸಲು ವಿಷ್ಣು ಹೆಣ್ಣಿನ ರೂಪವನ್ನೇ ಏಕೆ ತಾಳಿದ? ಗಂಡಿನ ರೂಪಕ್ಕೆ ಏನಾಗಿತ್ತು? ತಂದೆಯ ಮಾತಿಗೆ ಪರಶುರಾಮ ರೇಣುಕೆಯ ತಲೆ ಕಡಿದದ್ದನ್ನು ಹರದೇಶಿಯವನು ಎತ್ತಿದರೆ, ಇವತ್ತು ಗುಡ್ಡದ ಮೇಲೆ ಕೊಡ ತುಂಬಿಸಿಕೊಳ್ಳುವವಳು ಎಲ್ಲಮ್ಮನೋ ಜಮದಗ್ನಿಯೋ ಎಂದು ಎದುರಿನವಳು ನಗುತ್ತಾಳೆ.

ಅಫಜಲಪುರ ತಾಲೂಕಿನಲ್ಲಿ ಮಾತ್ರ ಒಂದು ಸವಾಲಿಗೆ ಬೇರೆ ಕಡೆ ಇಲ್ಲದ ತೂಕವುಂಟು. ಭೀಮೆಗೆ ಅಮರ್ಜೆ ಕೂಡುವಲ್ಲಿ ದೇವಲ ಗಾಣಗಾಪುರವಿದೆ, ದತ್ತಾತ್ರೇಯನ ಕ್ಷೇತ್ರ. ಆ ದತ್ತ ಹುಟ್ಟಿದ್ದು ಹೇಗೆ? ಪರೀಕ್ಷಿಸಲು ಬಂದ ತ್ರಿಮೂರ್ತಿಗಳನ್ನು ಅನಸೂಯೆ ಕೂಸು ಮಾಡಿ ತೊಟ್ಟಿಲಲ್ಲಿ ಹಾಕಿ ತೂಗಿದಳು. ಬ್ರಹ್ಮ ವಿಷ್ಣು ಮಹೇಶ್ವರರು ಹೆಣ್ಣಿನ ತೊಟ್ಟಿಲಲ್ಲಿ ಅಳುತ್ತ ಮಲಗಿದ ಮೇಲೆ ಗಂಡು ಹೆಚ್ಚೆನ್ನುವ ಬಾಯಿ ಯಾವುದು? ಗಾಣಗಾಪುರಕ್ಕೆ ನಡೆದು ಹೋಗುವ ಜನರ ಮುಂದೆ ಈ ಸವಾಲನ್ನು ಹಗುರ ಮಾಡುವಂತಿಲ್ಲ. ಹರದೇಶಿಯವರ ಜವಾಬು, ಅನಸೂಯೆಯ ಆ ಬಲ ಪಾತಿವ್ರತ್ಯದ್ದು, ಪಾತಿವ್ರತ್ಯಕ್ಕೆ ಪತಿ ಬೇಕು, ಆದುದರಿಂದ ಬಲ ಅತ್ರಿಯದು ಎಂದು. ಹಾಗಾದರೆ ಆ ಹೊತ್ತಿನಲ್ಲಿ ಅತ್ರಿ ತಾನೇ ಕೂಸು ಮಾಡಬಹುದಾಗಿತ್ತಲ್ಲ, ಹೆಂಡತಿಯನ್ನೇಕೆ ಮುಂದೆ ಬಿಟ್ಟ ಎಂದು ಮರುಸವಾಲು. ಇದಕ್ಕೆ ಮೇಲೆ ಹರದೇಶಿಯಲ್ಲೊಂದು ಜವಾಬು ಇದೆಯೆಂದು ಮುತ್ಯಾ ಹೇಳುತ್ತಿದ್ದ. ಅದೇನೆಂದು ಮಾತ್ರ ಸಾಯುವ ತನಕ ಹೇಳಲಿಲ್ಲ. ನಾವು ಎದುರು ಪಕ್ಷದವರು ನೋಡಿ!

ತೀರ್ಪು ಯಾರದು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ನಮ್ಮ ಹಾಡಕಿಗೆ ತೀರ್ಪುಗಾರನೆಂಬವನು ಇರಲಿಲ್ಲ. ಪಂಚರು ಗದ್ದಲವಾಗದಂತೆ ನೋಡುತ್ತಿದ್ದರು, ಅಷ್ಟೆ. ಸೋತ ಮೇಳದ ಡಪ್ಪು ಕಸಿದುಕೊಳ್ಳುತ್ತಿದ್ದ ಕಾಲವೊಂದಿತ್ತಂತೆ; ನಾನು ಕಂಡಿಲ್ಲ. ನಾನು ಕಂಡದ್ದು ಬೇರೆ. ಸವಾಲಿಗೆ ಜವಾಬು ಜಾರಿತೆಂದರೆ ಕಂಬಳಿ ಹೊದ್ದು ಕೂತ ಮುದುಕರ ನಡುವಿನಿಂದ “ಹುಂ” ಎಂಬ ಒಂದು ಸದ್ದು ಬರುತ್ತಿತ್ತು. ಮೆಚ್ಚಿಗೆಯ “ಹುಂ” ಬೇರೆ, ಇದು ಬೇರೆ. ಹಾಡುವವನ ಮುಖ ಆ ಸದ್ದಿಗೆ ಸಪ್ಪೆಯಾಗುವುದನ್ನು ಗ್ಯಾಸಬತ್ತಿಯ ಬೆಳಕಿನಲ್ಲಿ ಕಂಡಿದ್ದೇನೆ. ವಿಶೇಷವೆಂದರೆ ಈ “ಹುಂ” ಅವನ ಕಡೆಯವರಿಂದಲೇ ಬರಬೇಕು. ಎದುರಿನವರು ಕೂಗಿದರೆ ಅದು ಹಗೆತನ. ತನ್ನ ಕಡೆಯ ಮುದುಕನೇ ತಲೆ ಅಲ್ಲಾಡಿಸಿದರೆ ಸೋಲು. ಪಕ್ಷ ಹಿಡಿಯುವುದೂ ತೀರ್ಪು ಕೊಡುವುದೂ ಒಬ್ಬನಲ್ಲಿಯೇ ಕೂಡಿದ್ದವು. ಅವನಿಗೆ ಅಕ್ಷರ ಬಾರದಿದ್ದರೂ ದೇವಿಪುರಾಣ, ಜೈಮಿನಿ ಭಾರತಗಳು ಪುರಾಣ ಹೇಳಿಸಿದ ಮಠದ ಕಟ್ಟೆಯಿಂದ ಕಿವಿಗೆ ಬಂದಿದ್ದವು. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಜೇವರ್ಗಿ ಸೀಮೆಯ ಭಜನೆಯಿಂದ ಬಂದಿದ್ದವು. ಆ ಕಿವಿಯಿಲ್ಲದೆ ಹಾಡಕಿಯಿಲ್ಲ.

ಇಷ್ಟು ಹೊಗಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ನನಗೆ ಹನ್ನೆರಡು ಹದಿಮೂರು ವರ್ಷವಿದ್ದಾಗ ಒಂದೂರಿನ ಜಾತ್ರೆಯಲ್ಲಿ ನಾಗೇಶಿಯ ಹೆಂಗಸೊಬ್ಬಳು ಬೆಳಗಿನ ತನಕ ಹಾಡಿ, ಹೆಸರಾದ ಹರದೇಶಿ ಮೇಳವೊಂದನ್ನು ಮಾತಿಲ್ಲದಂತೆ ಮಾಡಿದಳು. ಗಂಡಸರೇ ಎದ್ದು ರೂಪಾಯಿ ನೋಟು ಕೊಟ್ಟರು, ಜಗದಂಬೆ ಎಂದು ಕೂಗಿದರು. ಮುಂಜಾನೆ ಅಗಸಿಯ ಹತ್ತಿರದ ಅಂಗಡಿಯಲ್ಲಿ ಮೇಳದವರಿಗೆ ಚಹಾ ಹಾಕಿಸಿದರು. ಎದುರು ಮೇಳದ ಮುಂದಾಳಿಗೆ ಬಾಕಿನ ಮೇಲೆ ಜಾಗ, ಬಸಿಯೊಡನೆ ಕಪ್ಪು. ಇವಳಿಗೆ ಅಂಗಡಿಯ ಹೊರಗೆ, ಗೋಡೆಗೆ ಕೊರೆದ ಗೂಡಿನಲ್ಲಿ ಬೇರೆ ಇಟ್ಟಿದ್ದ ಬಟ್ಟಲು. ಕುಡಿದು ತಾನೇ ತೊಳೆದು ಅಲ್ಲಿಯೇ ಇಟ್ಟಳು. ರಾತ್ರಿ ಕೇಳಿದ ಸವಾಲುಗಳಲ್ಲಿ ಒಂದನ್ನೂ ಆಗ ಯಾರೂ ನೆನೆಯಲಿಲ್ಲ, ಅವಳೂ ಕೇಳಲಿಲ್ಲ. ಹೆಣ್ಣು ಹೆಚ್ಚೆಂದು ಹಾಡಿದ ಹೆಂಗಸರಲ್ಲಿ ಬಹಳ ಮಂದಿ ಊರು ಕೀಳೆಂದು ಹೊರಗಿಟ್ಟ ಕೇರಿಗಳವರು, ಕೆಲವರು ದೇವರಿಗೆ ಬಿಟ್ಟವರು. ಹಾಡಿನಲ್ಲಿ ಪಕ್ಷ ಹಿಡಿಯುವ ನಾವು ಹಾಡಿದವಳ ಪಕ್ಷ ಹಿಡಿದದ್ದು ತೀರ ಕಡಿಮೆ. ನಾಗೇಶಿ ಕಡೆಯವನೆಂದು ಎದೆ ತಟ್ಟಿಕೊಳ್ಳುವಾಗಲೆಲ್ಲ ಆ ಗೂಡು ಕಣ್ಣಮುಂದೆ ಬರುತ್ತದೆ.

ಇನ್ನು ಕಾಲ ಬದಲಾದ ಸಂಗತಿ. ೧೯೪೭–೪೮ರ ರಜಾಕಾರರ ಹಾವಳಿಯಲ್ಲಿ ಗಡಿಯ ಹಳ್ಳಿಗಳು ಬಾಗಿಲು ಹಾಕಿಕೊಂಡು ಆಚೆಗೆ ಹೋದವು. ರಾತ್ರಿ ಬಯಲಲ್ಲಿ ಜನ ಸೇರುವ ಮಾತೇ ಇರಲಿಲ್ಲ. ೧೯೪೮ರ ಸೆಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಜಾತ್ರೆಗಳು ಮತ್ತೆ ಕಳೆಗಟ್ಟಿದವು. ಮುಂದೆ ಹಾಲಿ ಸಿಕ್ಕಾ ಹೋಯಿತು, ನಾಕಾಗಳು ಹೋದವು. ೧೯೫೬ರಲ್ಲಿ ಆಚೆಯ ಇಂಡಿಯೂ ಈಚೆಯ ಅಫಜಲಪುರವೂ ಒಂದೇ ರಾಜ್ಯವಾದವು; ಅಕ್ಕಲಕೋಟೆ ಮಾತ್ರ ಕನ್ನಡದ ಮಾತು ಬಾಯಲ್ಲಿಟ್ಟುಕೊಂಡೇ ಆಚೆ ಉಳಿಯಿತು. ಮೇಳಗಳು ಆ ಗೆರೆಯನ್ನು ಇಂದಿಗೂ ಲೆಕ್ಕಕ್ಕೆ ಹಿಡಿದಿಲ್ಲ.

ಹಾಡಿಗೆ ಎಣಿಕೆಯನ್ನು ನಮಗೆ ಕಲಿಸಿದ್ದು ರೇಡಿಯೋ. ೧೯೫೨ರಲ್ಲಿ ಕೇಂದ್ರದ ಮಂತ್ರಿ ಕೇಸಕರರು ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕಡಿವಾಣ ಹಾಕಿದರು. ಅದೇ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಮೊದಲಾಯಿತು. ಪರದೇಶದ ನಿಲಯ, ಬುಧವಾರದ ರಾತ್ರಿ, ಅಮೀನ ಸಯಾನಿಯ ಮಾತು. ಕೇಳುವವರ ಪತ್ರ, ರೆಕಾರ್ಡಿನ ಮಾರಾಟ ಎಲ್ಲ ನೋಡಿ ಯಾವ ಹಾಡು ಎಷ್ಟನೆಯ ‘ಪಾಯದಾನ’ ಎಂದು ಅವರು ಹೇಳುತ್ತಿದ್ದರು. ಉರ್ದು ಕಿವಿಗೆ ಬಿದ್ದು ಬೆಳೆದ ನಮ್ಮ ಸೀಮೆಯ ಜನಕ್ಕೆ ಅದು ಬೇಗ ರುಚಿಸಿತು; ಹೋಟೆಲಿನ ಮುಂದೆ ಗುಂಪು ನಿಂತು ಮೊದಲ ಪಾಯದಾನಕ್ಕೆ ಕಾಯುವುದನ್ನು ನಾನೇ ಕಂಡಿದ್ದೇನೆ, ಕಾದಿದ್ದೇನೆ. ಆದರೆ ಅಲ್ಲಿ ಹಾಡಿಗೆ ಹಾಡು ಉತ್ತರ ಕೊಡುತ್ತಿರಲಿಲ್ಲ. ಒಂದು ಮೇಲೆ ಹತ್ತಿತು, ಒಂದು ಕೆಳಗೆ ಇಳಿಯಿತು. ಏಕೆಂದು ಯಾರೂ ಹೇಳಬೇಕಾಗಿರಲಿಲ್ಲ.

ಟೆಲಿವಿಜನ್ನಿನ ವಿಷಯದಲ್ಲಿ ನಮ್ಮ ಜಿಲ್ಲೆ ಬೆಂಗಳೂರಿಗಿಂತ ಮುಂದೆ ಎಂಬುದನ್ನು ಈಗಿನವರು ಮರೆತಿದ್ದಾರೆ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ, ಅಮೇರಿಕೆಯ ಎ.ಟಿ.ಎಸ್.–೬ ಉಪಗ್ರಹದ ಸಹಾಯದಿಂದ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ನಮ್ಮ ಸರಕಾರ ಟೆಲಿವಿಜನ್ ತೋರಿಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರಲ್ಲಿ. ವಿದ್ಯಾರ್ಥಿಯಾಗಿದ್ದ ನಾನು ಅಂಥ ಒಂದು ಹಳ್ಳಿಗೆ ಹೋಗಿ ನೋಡಿದೆ. ಮಾಳಿಗೆಯ ಮೇಲೆ ಕೋಳಿಬಲೆಯಂಥ ತಂತಿಯ ದೊಡ್ಡ ಛತ್ರಿ, ಶಾಲೆಯ ಪಡಸಾಲೆಯಲ್ಲಿ ಪೆಟ್ಟಿಗೆ, ಮುಂದೆ ಹಾಡಕಿಗೆ ಕೂತಂತೆಯೇ ಕೂತ ಊರು. ಒಕ್ಕಲುತನ, ಆರೋಗ್ಯ, ನಡುವೆ ಹಾಡು ಕುಣಿತ. ಹಾಡು ಮುಗಿದಾಗ ಒಬ್ಬ ಮುದುಕ ರೂಢಿಯಂತೆ “ಹುಂ” ಎಂದ. ಪೆಟ್ಟಿಗೆ ಅದನ್ನು ಕೇಳಿಸಿಕೊಳ್ಳದೆ ಮುಂದೆ ಹೋಯಿತು.

ಆಮೇಲಿನದು ಎಲ್ಲರಿಗೂ ಗೊತ್ತಿದ್ದದ್ದು: ಕ್ಯಾಸೆಟ್ಟುಗಳ ಕಾಲ, ಆಮೇಲೆ ಟಿವಿಯ ಹಾಡಿನ ಸ್ಪರ್ಧೆಗಳು, ಮೊಬೈಲಿನಿಂದ ಮತ. ಕ್ಯಾಸೆಟ್ಟು ಹಾಡಕಿಗೆ ಒಂದು ಉಪಕಾರವನ್ನೂ ಒಂದು ಅಪಕಾರವನ್ನೂ ಮಾಡಿತು. ಹಾಡಿದವಳ ದನಿ ಉಳಿಯಿತು. ಆದರೆ ಒಂದು ಗಂಟೆಯ ಸುರುಳಿಯಲ್ಲಿ ಹಿಡಿಸಬೇಕೆಂದು ಪುರಾಣವನ್ನು ಕಡಿದು ಚೇಷ್ಟೆಯನ್ನು ಉಳಿಸಿದರು.

ನನಗೆ ಯೂರೋಪಿನ ಪಂದ್ಯದ ಹುಚ್ಚು ಹತ್ತಿಸಿದವನು ಜೇವರ್ಗಿಯಲ್ಲಿರುವ ಅಕ್ಕನ ಮೊಮ್ಮಗ. ಮೇ ತಿಂಗಳ ಒಂದು ಶನಿವಾರ, ಅವರ ರಾತ್ರಿ ಒಂಬತ್ತಕ್ಕೆ ಮೊದಲಾಗುವುದು ನಮಗೆ ನಡುರಾತ್ರಿ ಹನ್ನೆರಡೂವರೆ. ಮುಗಿಯುವಾಗ ಬೆಳಗಿನ ಜಾವ. ಸೆಕೆಯ ದಿನಗಳಾದುದರಿಂದ ಮಾಳಿಗೆಯ ಮೇಲೆ ಹಾಸಿಕೊಂಡೇ ನೋಡಬಹುದು. ಹಾಡಕಿಗೆ ನಿದ್ದೆಗೆಟ್ಟು ರೂಢಿಯಾದ ಅಕ್ಕನಿಗೂ ನನಗೂ ಈ ಹೊತ್ತು ಹೊಸದಾಗಿರಲಿಲ್ಲ. ಹಾಡುಗಳ ಭಾಷೆ ತಿಳಿಯುವುದಿಲ್ಲ; ಅಂಕ ಎಣಿಸುವ 	ಹೊತ್ತಿನ ಬಿಗುಪು ಚೆನ್ನಾಗಿ ತಿಳಿಯುತ್ತದೆ.

ಆ ಅಂಕಗಳ ಚರಿತ್ರೆಯನ್ನು ಓದಿಕೊಂಡಾಗ ನನಗೆ ನಗೆಯೂ ಬಂದಿತು, ಕನಿಕರವೂ ಆಯಿತು. ಪಕ್ಷಪಾತವನ್ನು ಹೊರಗೆ ಹಾಕಬೇಕೆಂದು ಆ ಜನ ಎಪ್ಪತ್ತು ವರ್ಷ ಒದ್ದಾಡಿದ್ದಾರೆ. ತನ್ನ ದೇಶಕ್ಕೆ ಮತವಿಲ್ಲವೆಂದರು. ೧೯೬೯ರಲ್ಲಿ ಮಾಡ್ರಿಡ್ಡಿನಲ್ಲಿ ನಾಲ್ಕು ದೇಶಗಳಿಗೆ ಸಮನಾಗಿ ಹದಿನೆಂಟು ಅಂಕ ಬಿದ್ದು, ಸಮ ಬಿದ್ದರೆ ಏನು ಮಾಡಬೇಕೆಂಬ ನಿಯಮವೇ ಇಲ್ಲದೆ ನಾಲ್ಕನ್ನೂ ಗೆಲ್ಲಿಸಬೇಕಾಯಿತು. ೧೯೭೫ರಿಂದ ಹನ್ನೆರಡು, ಹತ್ತು, ಎಂಟು ಎಂದು ಮೇಲಿನಿಂದ ಕೆಳಗೆ ಅಂಕ ಕೊಡುವ ಕ್ರಮ ತಂದರು. ೧೯೯೭ರಲ್ಲಿ ಐದು ದೇಶಗಳಲ್ಲಿ ಜನರೇ ಟೆಲಿಫೋನಿನಿಂದ ಮತ ಹಾಕಿದರು. ಮರುವರ್ಷ ಅದೇ ರೂಢಿಯಾಯಿತು. ನೆರೆಯವರು ನೆರೆಯವರಿಗೇ ಹಾಕತೊಡಗಿದರು. ಗ್ರೀಸು ಸೈಪ್ರಸ್ಸುಗಳು ಒಬ್ಬರಿಗೊಬ್ಬರು ಹನ್ನೆರಡು ಹನ್ನೆರಡು ಕೊಟ್ಟುಕೊಳ್ಳುವುದು ಅಲ್ಲಿಯ ಹಳೆಯ ನಗೆಮಾತು. ಅದನ್ನು ತಡೆಯಲು ಜನರ ಮತದ ಜೊತೆಗೆ ಮತ್ತೆ ತಜ್ಞರ ಮತವನ್ನು ಸೇರಿಸಿದರು. ೨೦೨೩ರಿಂದ, ಪಂದ್ಯದಲ್ಲಿಲ್ಲದ ದೇಶಗಳವರೂ ಹಣ ಕೊಟ್ಟು ಮತ ಹಾಕಬಹುದು; ಭಾರತವೂ ಸೇರಿ ಉಳಿದ ಪ್ರಪಂಚವೆಲ್ಲ ಅವರ ಲೆಕ್ಕದಲ್ಲಿ ಒಂದು ದೇಶ! ಸ್ಯಾನ್ ಮರಿನೋದ ಮೂವತ್ತು ಚಿಲ್ಲರೆ ಸಾವಿರ ಜನಕ್ಕೂ ನಮಗೂ ಒಂದೇ ತೂಕ. ಇರಲಿ.

ಆ ೨೦೨೩ರ ಮೇ ೧೩ ನಮಗೆ ಮರೆಯುವ ದಿನವಲ್ಲ. ಹಗಲೆಲ್ಲ ವಿಧಾನಸಭೆಯ ಚುನಾವಣೆಯ ಎಣಿಕೆ. ಆಳಂದದಲ್ಲಿ ಯಾರು, ಅಫಜಲಪುರದಲ್ಲಿ ಎಷ್ಟು, ಜೇವರ್ಗಿಯಲ್ಲಿ ಯಾವ ಸುತ್ತು ಎಂದು ಮನೆಯಲ್ಲಿ ಅದೇ ಗದ್ದಲ. ಗುಲಾಲು ತೊಳೆದುಕೊಂಡು ಹುಡುಗರು ರಾತ್ರಿ ಮಾಳಿಗೆ ಹತ್ತಿದರೆ, ಲಿವರ್‌ಪೂಲಿನಲ್ಲಿ ಮತ್ತೊಂದು ಎಣಿಕೆ. ಸ್ವೀಡನ್ನಿನ ಲೊರೀನ್ ಎಂಬ ಹೆಣ್ಣುಮಗಳ ಹಾಡು ಒಂದು ಕಡೆ. ಹಸಿರು ತೋಳಿನ ಅಂಗಿ ತೊಟ್ಟು ಕುಣಿದ ಫಿನ್ಲೆಂಡಿನ ಕಾರಿಯಾ ಎಂಬವನದು ಇನ್ನೊಂದು ಕಡೆ. ತಜ್ಞರು ಆಕೆಗೆ ೩೪೦ ಅಂಕ ಕೊಟ್ಟು ಎಲ್ಲರಿಗಿಂತ ಮೇಲೆ ಕೂಡಿಸಿದರು. ಜನ ಅವನಿಗೆ ೩೭೬ ಕೊಟ್ಟರು. ಎರಡೂ ಕೂಡಿದಾಗ ಆಕೆಗೆ ೫೮೩, ಅವನಿಗೆ ೫೨೬. ತಜ್ಞರ ಅಂಕ ಹೇಳುವಾಗಲೇ ಸಭೆಯ ಜನ ಅವನ ಹಾಡಿನ ಹೆಸರನ್ನು ಕೂಗಿ ಕೂಗಿ ಪ್ರತಿಭಟಿಸಿದ್ದರು. ಅಕ್ಕನ ಮೊಮ್ಮಗ ಅವನ ಕಡೆ, ಅಕ್ಕ ಮೊದಲಿನಿಂದಲೇ ಇವಳ ಕಡೆ. “ಗಂಡು ಎಷ್ಟ ಕುಣದರೇನು, ಹೆಣ್ಣು ಗೆದ್ದಳಲ್ಲೋ ತಮ್ಮಾ” ಎಂದು ನನ್ನ ಕಡೆ ತಿರುಗಿದಳು. “ಆಯಿ, ಜನರ ಓಟು ಅವಗೇ ಹೆಚ್ಚು, ಇದು ಮೋಸ” ಎಂದು ಹುಡುಗ. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ಅಲ್ಲೋ, ಇವರು ಒಬ್ಬರ ಮ್ಯಾಲೊಬ್ಬರು ಹಾಡಿದ್ರು ಖರೇ, ಸವಾಲ ಯಾರು ಹಾಕಿದ್ರು? ಸವಾಲಿಲ್ಲದ ಜವಾಬಿಗೆ ಓಟು ಹ್ಯಾಂಗ ಹಾಕೂದು?”

ಹುಡುಗನಿಗೆ ಉತ್ತರ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಲ್ಲಿಯ ಕಟ್ಟಾ ಅಭಿಮಾನಿಗಳು ಯಾವ ವರ್ಷ ಯಾವ ದೇಶಕ್ಕೆ ಎಷ್ಟು ಅಂಕ ಎಂಬುದನ್ನು ಮಗ್ಗಿಯಂತೆ ಒಪ್ಪಿಸಬಲ್ಲರು. ಅದೂ ಒಂದು ಪಾಂಡಿತ್ಯ, ನಾನು ಹಗುರ ಮಾಡುವುದಿಲ್ಲ. ಆದರೆ ತನ್ನ ಕಡೆಯವನ ಹಾಡಿಗೆ ತಲೆ ಅಲ್ಲಾಡಿಸುವ ಅಧಿಕಾರವನ್ನು ಆ ಪಂದ್ಯ ಅವರಿಗೆ ಎಂದೂ ಕೊಡಲಿಲ್ಲ. ನಮ್ಮಲ್ಲಿ ಆ ಅಧಿಕಾರವಿದ್ದವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಈಗಲೂ ಜಾತ್ರೆಗಳಲ್ಲಿ ಹಾಡಕಿ ನಡೆಯುತ್ತದೆ, ಬೆಳಗಿನ ತನಕ ಜನ ಕೂರುತ್ತಾರೆ, ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ. ನಗುವುದಕ್ಕೆ ಏನೂ ಕಡಿಮೆಯಿಲ್ಲ. ಜವಾಬು ತಪ್ಪಿದರೆ ಮಾತ್ರ “ಹುಂ” ಎನ್ನುವವರು ಸಿಕ್ಕುವುದು ಅಪರೂಪ.

ಎರಡು ವರ್ಷದಿಂದ ನಾನು ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ಆಳಂದ ತಾಲೂಕಿನ ಒಂದು ಹಳ್ಳಿಯಲ್ಲಿ ನಾಗೇಶಿ ಹಾಡಿ ಹಣ್ಣಾದ ಒಬ್ಬ ತಾಯಿ ಇದ್ದಾರೆ, ಹೆಸರು ಬರೆಯಬೇಡವೆಂದಿದ್ದಾರೆ. ಅವರ ಗುರು ಬರೆಸಿಕೊಟ್ಟ ವಹಿಯನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಸವಾಲುಗಳೆಲ್ಲ ಇವೆ, ಮುದ್ದಾದ ಅಕ್ಷರ. ಜವಾಬಿನ ಜಾಗದಲ್ಲಿ ಪುಟಕ್ಕೆ ಪುಟ ಖಾಲಿ. “ಜವಾಬು ಬರದ ಇಡಬಾರದ್ರೀ ಸರ. ಹರದೇಶಿಯವ್ರ ಕೈಗೆ ಸಿಕ್ಕರ ನಾಳಿ ನಮ್ಮ ಗತಿ ಏನು?” ಎಂದರು. ಅವರ ಎದುರು ಹಾಡುತ್ತಿದ್ದ ಹರದೇಶಿಯವನು ತೀರಿಕೊಂಡು ವರ್ಷಗಳಾದವು. ಅದನ್ನು ನೆನಪಿಸಿದಾಗ ಸುಮ್ಮನೆ ಕೂತಿದ್ದರು. ಆಮೇಲೆ ಒಳಗೆ ಹೋಗಿ ಚಹಾ ಮಾಡಿ ತಂದು, ಎರಡು ಬಸಿಗೆ ಹೊಯ್ದು, “ಬರಕೋರಿ” ಎಂದರು. ಹೋದಾಗಲೊಮ್ಮೆ ಒಂದು ಎರಡು ಹೇಳುತ್ತಾರೆ. ಮಹಿಷಾಸುರನದು ಆಯಿತು, ಭಸ್ಮಾಸುರನದು ಆಯಿತು, ಎಲ್ಲಮ್ಮನದು ಕಳೆದ ತಿಂಗಳು ಮುಗಿಯಿತು. ಅನಸೂಯೆಯ ತೊಟ್ಟಿಲಿಗೆ ಹರದೇಶಿಯವರು ಕೊಡುವ ಕಡೆಯ ಜವಾಬೂ ತಮಗೆ ಗೊತ್ತಿದೆ ಎನ್ನುತ್ತಾರೆ. ಆದರೆ ಅದು ಎದುರು ಪಕ್ಷದ ಸೊತ್ತು. ಅವರ ಕಡೆಯವರು ಯಾರಾದರೂ ಬಂದು ಕೇಳಿದರೆ ಹೇಳುತ್ತಾರಂತೆ.